ದೋಣಿ ಮುಳುಗಿಸಿದ ಸಂಜೆ

ನಮ್ಮ ಕೆರೆಯ ಹಂಸಗಳಷ್ಟು ಕುರೂಪಿ ಹಂಸಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಫೈಬರಿನ ತುಳಿಯುವ ದೋಣಿಗಳು, ಒಟ್ಟು ಆರು. ಮೊದಲ ಬೇಸಿಗೆಗೇ ಬಿಳಿ ಬಣ್ಣ ಸುಲಿದುಹೋಯಿತು. ನಮ್ಮವರು, ಅಂದರೆ ನನ್ನ ಗಂಡ, ಮನೆಯ ಗೋಡೆಗೆ ತಂದು ಮಿಕ್ಕಿದ್ದ ಬಣ್ಣವನ್ನೇ ಅವಕ್ಕೂ ಬಳಿದರು. ಕಣ್ಣು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ರಂಗೋಲಿಯ ಗೆರೆಯೇ ನೆಟ್ಟಗೆ ಬರುವುದಿಲ್ಲ. ಒಂದರ ಕಣ್ಣು ಕೊಕ್ಕಿನ ಹತ್ತಿರ ಬಂತು, ಇನ್ನೊಂದರದು ನೆತ್ತಿಗೆ ಹೋಯಿತು. ಹಗಲೆಲ್ಲ ಮಕ್ಕಳನ್ನು ನಗಿಸುತ್ತಿದ್ದ ಆ ಮುಖಗಳು ಜನ ಹೋದ ಮೇಲೆ ಮಾತ್ರ ಬೇರೆ ಥರ ಕಾಣುತ್ತಿದ್ದವು. ಸಂಜೆ ಬೀಗ ಹಾಕುವಾಗ ನಾನು ಅವುಗಳಿಗೆ ಬೆನ್ನು ಕೊಟ್ಟು ನಿಲ್ಲುತ್ತಿರಲಿಲ್ಲ.

ಕೆರೆ ಇರುವುದು ಹಾವೇರಿಯ ಹೊರಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ. ದೋಣಿ ವಿಹಾರದ ಗುತ್ತಿಗೆ ನಮ್ಮದಾಗಿತ್ತು. ಟಿಕೆಟ್ ಕೊಡುವುದು ನಾನು, ದೋಣಿ ನಡೆಸುವುದು ನಮ್ಮವರು, ಬಂದವರನ್ನೆಲ್ಲ ಗದರಿಸುವುದು ನಮ್ಮ ಮಾವ. ಮಾವ ಗುತ್ತಲದ ಕಡೆ ತುಂಗಭದ್ರೆಯಲ್ಲಿ ಜೀವಮಾನವೆಲ್ಲ ದೋಣಿ ಹಾಕಿದವರು. ಸೇತುವೆಯಾಗಿ ದೋಣಿಯನ್ನು ಕೇಳುವವರಿಲ್ಲದಂತಾದಾಗ ನಮ್ಮ ಜತೆ ಇಲ್ಲಿಗೆ ಬಂದರು. ಹೊಳೆಯವರಿಗೆ ಕೆರೆಯೆಂದರೆ ತಾತ್ಸಾರ. "ಇದೇನ್ ನೀರನವಾ, ತಾಟಿನ್ಯಾಗ ಸಾರು ಹಾಕಿಟ್ಟಂಗ ಐತಿ" ಅನ್ನುತ್ತಿದ್ದರು. ಹಾಗೆ ಅಂದುಕೊಂಡೇ ಹೊಳೆಯ ಕಟ್ಟಳೆಗಳನ್ನೆಲ್ಲ ಕೆರೆಗೂ ಹೊತ್ತು ತಂದಿದ್ದರು.

ಚಪ್ಪಲಿ ಮೆಟ್ಟಿ ದೋಣಿ ಹತ್ತುವಂತಿಲ್ಲ ಎಂಬುದು ಒಂದು. ಗಂಗವ್ವನ ಮೈಮೇಲೆ ಹೋಗುವಾಗ ಬರಿಗಾಲಿರಬೇಕು. ಮೆಟ್ಟಿಲ ಪಕ್ಕ ಹಲಗೆಯ ಗೂಡು ಮಾಡಿಸಿ ಎಲ್ಲರ ಚಪ್ಪಲಿಯನ್ನೂ ಅಲ್ಲಿ ಬಿಡಿಸುತ್ತಿದ್ದರು. ಜೀನ್ಸು ಹಾಕಿದ ಕಾಲೇಜು ಹುಡುಗಿಯರು ಮುಖ ಸಿಂಡರಿಸಿದರೆ ಇವರ ದನಿ ಇನ್ನೂ ಒಂದು ಮೆಟ್ಟಿಲು ಏರುತ್ತಿತ್ತು. ಮೊದಲು ನಾನೂ ನಕ್ಕಿದ್ದೆ. ಬರುಬರುತ್ತ ಅದೇ ನಮ್ಮ ಲೆಕ್ಕದ ಪುಸ್ತಕವಾಯಿತು. ನನ್ನ ಟಿಕೆಟ್ಟು ನೀರಿಗೆ ಹೋದವರೆಷ್ಟು ಎಂದು ಹೇಳುತ್ತದೆ. ತಿರುಗಿ ಬಂದವರೆಷ್ಟು ಎಂದು ಹೇಳುವುದಿಲ್ಲ. ಗೂಡಿನಲ್ಲಿ ಚಪ್ಪಲಿ ಇದ್ದರೆ ನೀರಿನ ಮೇಲೆ ಜನ ಇದ್ದಾರೆ, ಗೂಡು ಖಾಲಿಯಾದರೆ ಎಲ್ಲರೂ ದಂಡೆಗೆ ಬಂದರು. ಮೂರು ವರ್ಷದಲ್ಲಿ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಇನ್ನೊಂದು ಕಟ್ಟಳೆ ಗಾಳಿಯದು. ಕೆರೆಯ ನಡುವೆ ಒಂದು ನಡುಗಡ್ಡೆ ಇದೆ. ಅದರ ಮೇಲೆ ಹಳೆಯ ಹುಣಸೆ ಮರ, ಗಂಗವ್ವನ ಸಣ್ಣ ಗುಡಿ, ಗುಡಿಯ ಮುಂದೆ ಕಬ್ಬಿಣದ ಕಮಾನಿಗೆ ಕಟ್ಟಿದ ಗಂಟೆ. ಅಲ್ಲಿಗೆ ಹೋಗುವವರನ್ನು ನಮ್ಮವರು ಕಟ್ಟಿಗೆಯ ದೊಡ್ಡ ದೋಣಿಯಲ್ಲಿ ಕರೆದೊಯ್ದು ಇಳಿಸಿ, ಅವರ ಲೈಫ್ ಜಾಕೆಟ್ಟುಗಳನ್ನು ಬಿಚ್ಚಿಸಿಕೊಂಡು ಮುಂದಿನ ಮಂದಿಗಾಗಿ ಮರಳಿ ಬರುತ್ತಿದ್ದರು. ಬಿರುಗಾಳಿಯ ಸೂಚನೆ ಕಂಡರೆ ಆ ದೋಣಿಯನ್ನು ದಂಡೆಗೆ ಕಟ್ಟುವುದಲ್ಲ, ಕಲ್ಲು ತುಂಬಿ ಮುಳುಗಿಸಿಬಿಡಬೇಕು ಎಂಬುದು ಮಾವನ ಪದ್ಧತಿ. ನೀರಿನ ಮೇಲಿದ್ದದ್ದನ್ನು ಗಾಳಿ ಎತ್ತಿ ಬಂಡೆಗೆ ಬಡಿಯುತ್ತದೆ, ತಳಕ್ಕೆ ಕೂತದ್ದನ್ನು ಏನೂ ಮಾಡಲಾರದು. ಹೊಳೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ.

ಹಾಗೆ ಮುಳುಗಿಸಿದ ಮೇಲೆ ಆಚೆ ದಂಡೆಯಿಂದ ಯಾರು ಕರೆದರೂ ಓಗೊಡಬಾರದು. ಮಾವನ ಅಣ್ಣ ಓಗೊಟ್ಟಿದ್ದರಂತೆ. ಮುಳುಗಿಸಿದ ದೋಣಿಯನ್ನು ಎಬ್ಬಿಸಿಕೊಂಡು ಕರೆದವರನ್ನು ತರಲು ಹೋದರು. ದೋಣಿ ಮೂರನೆಯ ದಿನ ಸಿಕ್ಕಿತು, ಅವರು ಸಿಗಲಿಲ್ಲ. ಆಚೆ ದಂಡೆಯಲ್ಲಿ ವಿಚಾರಿಸಿದರೆ ಆ ಹೊತ್ತಿಗೆ ಅಲ್ಲಿ ಯಾರೂ ಬಂದೇ ಇರಲಿಲ್ಲವಂತೆ. ಇದನ್ನು ಹೇಳುವಾಗ ಮಾವ ಬೀಡಿ ಸೇದುವುದನ್ನು ನಿಲ್ಲಿಸುತ್ತಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಜಂಬ ಕೊಚ್ಚುತ್ತಿದ್ದೆ.

ಆ ದಿನ ಮೇ ತಿಂಗಳ ಒಂದು ಭಾನುವಾರ. ಬ್ಯಾಡಗಿಯ ಕಡೆಯ ದೊಡ್ಡ ಕುಟುಂಬವೊಂದು ಟೆಂಪೊ ಮಾಡಿಕೊಂಡು ಬಂದಿತ್ತು. ಹೊಸ ಮದುಮಕ್ಕಳು, ಅತ್ತೆಯರು, ಚಿಗವ್ವಂದಿರು, ಒಂದು ಡಬ್ಬಿ ಮಂಡಕ್ಕಿ. ಇಡೀ ಕೆರೆಗೆ ಕೇಳುವಂತೆ ಮಾತು. ಅವರಿಗೆಲ್ಲ ಟಿಕೆಟ್ ಹರಿದು ಕೊಡುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಅವರ ಹಿಂದೆ ಒಬ್ಬಳು ವಯಸ್ಸಾದ ಹೆಂಗಸು ಒಂಟಿಯಾಗಿ ನಿಂತಿದ್ದಳು. ಕಡು ಹಸಿರು ಇಳಕಲ್ ಸೀರೆ, ಕೈಯಲ್ಲಿ ಖಾಲಿ ನೀರಿನ ಬಾಟಲಿ.

"ಚಪ್ಪಲಿ ಗೂಡಿನಾಗ ಬಿಡ್ರಿ ಅವ್ವಾ" ಅಂದೆ, ತಲೆ ಎತ್ತದೆ.

"ಚಪ್ಪಲಿ ಹಾಕೂದಿಲ್ಲವಾ, ಹರಕಿ ಐತಿ" ಅಂದಳು. "ಮಗಳ ಮಗಳು ನಾಕು ವರ್ಷದಾಕಿ ಆಗ್ಯಾಳ, ಇನ್ನೂ ಮಾತಾಡವಲ್ಲಳು. ಆಕಿ ಬಾಯಿಂದ ಒಂದು ಮಾತು ಬರೂತನಕ ಬರಿಗಾಲೀಲೇ ಇರ್ತೇನಿ ಅಂತ ಬೇಡ್ಕೊಂಡೇನಿ."

ಆಗ ತಲೆ ಎತ್ತಿ ನೋಡಿದೆ. ರಾಣೆಬೆನ್ನೂರಿನ ಕಡೆಯ ಹಳ್ಳಿಯವಳು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಗುಡಿಯ ಗಂಟೆಯ ಮೇಲೆ ನೀರು ಹೊಯ್ದು, ಗಂಟೆ ಬಾರಿಸುತ್ತ, ಸೋರಿದ ನೀರನ್ನು ಹಿಡಿದು ಕುಡಿಸಿದರೆ ಮಾತು ಬಾರದ ಮಕ್ಕಳಿಗೆ ಮಾತು ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಆ ಬಾಟಲಿ ಅದಕ್ಕೆ. ಅವಳ ಹಿಮ್ಮಡಿಯ ಬಿರುಕಿನಲ್ಲಿ ಕೆಂಪು ಮಣ್ಣು ಕೂತಿತ್ತು. ಪಾಪ ಅನ್ನಿಸಿತು, ಟಿಕೆಟ್ ಕೊಟ್ಟೆ, ಮುಂದಿನವರ ಕಡೆ ತಿರುಗಿದೆ. ಬ್ಯಾಡಗಿಯವರ ಜತೆಗೇ ಅವಳೂ ದೋಣಿ ಹತ್ತಿದಳು. ಅವಳನ್ನು ಅವರ ಪೈಕಿಯವಳೆಂದೇ ನಮ್ಮವರು ತಿಳಿದರು.

ಐದು ಗಂಟೆಯ ಸುಮಾರಿಗೆ ಮೂವರ ಮೊಬೈಲೂ ಒಟ್ಟಿಗೆ ಕೂಗಿಕೊಂಡವು. ಗುಡುಗು, ಮಿಂಚು, ಬಿರುಗಾಳಿಯ ಎಚ್ಚರಿಕೆ. ಮಾವನಿಗೆ ಮೊಬೈಲು ಬೇಕಿರಲಿಲ್ಲ. ಅವರು ಆಗಲೇ ಮೂಡಣ ದಿಕ್ಕನ್ನು ನೋಡುತ್ತ ನಿಂತಿದ್ದರು. ಅಲ್ಲಿ ಆಕಾಶ ನೆಲದ ತನಕ ಕಪ್ಪಾಗಿತ್ತು. ನಮ್ಮವರು ಸಿಳ್ಳೆ ಊದಿ ಹಂಸಗಳನ್ನೆಲ್ಲ ಕರೆಸಿದರು. ನಡುಗಡ್ಡೆಗೆ ಎರಡು ಸಲ ಹೋಗಿ ಬ್ಯಾಡಗಿಯವರನ್ನು ಕರೆತಂದರು. ಅವರು ಕಿರುಚಾಡುತ್ತ, ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡು, ಟೆಂಪೊ ತುಂಬಿಕೊಂಡು ಹೋದರು. ಮಾವ ಗೂಡಿನ ಮೇಲಿನ ಹಲಗೆ, ಕೆಳಗಿನ ಹಲಗೆ ಎರಡರ ಮೇಲೂ ಕೈಯಾಡಿಸಿದರು.

"ಯಾರೂ ಇಲ್ಲ. ಮುಳಗಸು" ಅಂದರು.

ಆಮೇಲೆ ಗಾಳಿ ಪೂರ್ತಿ ನಿಂತುಹೋಯಿತು. ಬಿರುಗಾಳಿಗೆ ಮೊದಲು ಹಾಗೆ ನಿಲ್ಲುವುದುಂಟು, ಆದರೆ ಆ ದಿನದ್ದು ಬೇರೆಯೇ. ಬೆಳಕು ಹಳದಿಯಾಯಿತು. ಒಬ್ಬರ ಮುಖ ಒಬ್ಬರಿಗೆ ಕಾಮಾಲೆಯವರ ಮುಖದಂತೆ ಕಂಡಿತು. ದಂಡೆಯ ಜಾಲಿಯ ಗಿಡಗಳಲ್ಲಿ ಯಾವಾಗಲೂ ಗದ್ದಲ ಮಾಡುವ ಬೆಳ್ಳಕ್ಕಿಗಳು ಒಂದೂ ಇರಲಿಲ್ಲ, ಅವು ಹೋದದ್ದನ್ನೂ ನಾವು ನೋಡಲಿಲ್ಲ. ಹೆದ್ದಾರಿಯ ಸದ್ದೂ ಕೇಳಲಿಲ್ಲ. ನೀರಿನಲ್ಲಿ ಒಂದು ಸುಕ್ಕಿರಲಿಲ್ಲ.

ನಾವು ಕೆಲಸಕ್ಕೆ ಬಿದ್ದೆವು. ಹಂಸಗಳ ಮೇಲಿನ ಬಟ್ಟೆಯ ಚಾವಣಿ ಬಿಚ್ಚಬೇಕು, ಇಲ್ಲದಿದ್ದರೆ ಗಾಳಿ ಅದನ್ನೇ ಹಿಡಿದು ದೋಣಿಯನ್ನು ಮಗುಚುತ್ತದೆ. ಒಂದೊಂದು ಸೀಟಿಗೆ ಒಂದೊಂದು ಮರಳಿನ ಚೀಲ. ಎರಡೆರಡನ್ನು ಮುಖಾಮುಖಿ ನಿಲ್ಲಿಸಿ ಕುತ್ತಿಗೆಗೆ ಕುತ್ತಿಗೆ ಕಟ್ಟಿ, ನಡುವೆ ಲಾರಿಯ ಹಳೆಯ ಟೈರು ತುರುಕಬೇಕು. ಹಗ್ಗವನ್ನು ಬಿಗಿದು ಕಟ್ಟಬಾರದು, ಅಲೆ ಎದ್ದಾಗ ಏರಿಳಿಯಲು ಒಂದು ಮೊಳ ಸಡಿಲ ಬಿಡಬೇಕು. ನಾನು ಗಂಟು ಹಾಕುತ್ತಿದ್ದಾಗ ಎರಡು ಹಂಸಗಳ ನಡುವೆ ನನ್ನ ತಲೆ ಇತ್ತು. ನಾನೇ ಬರೆದ ಕಣ್ಣುಗಳು ಎರಡೂ ಕಡೆಯಿಂದ ನನ್ನನ್ನೇ ನೋಡುತ್ತಿದ್ದವು.

ಆಗ ಗಂಟೆ ಕೇಳಿತು.

ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ನಡುಗಡ್ಡೆಯ ಗಂಟೆಯದು ಸಾಮಾನ್ಯವಾಗಿ ಚೊಕ್ಕ ದನಿ. ಅವತ್ತು ಮಂದವಾಗಿ, ನೀರಿನೊಳಗಿಂದ ಬಂದಂತೆ ಕೇಳಿತು. ನಾನು ನಮ್ಮವರ ಮುಖ ನೋಡಿದೆ, ಅವರು ಮಾವನ ಮುಖ ನೋಡಿದರು.

"ಗಾಳಿಗೆ ಇರಬೇಕು" ಅಂದರು ನಮ್ಮವರು.

ಗಾಳಿ ಎಲ್ಲಿತ್ತು? ಮಾವನ ಬೀಡಿಯ ಹೊಗೆ ಅವರ ಮೂಗಿನ ಮುಂದೆಯೇ ನಿಂತಿತ್ತು. ಅವರು ಬೀಡಿಯನ್ನು ನೀರಿಗೆ ಎಸೆದು ದೋಣಿಯ ಕಡೆ ನಡೆದರು. "ಕಿವಿಗೆ ಹಾಕ್ಕೋಬ್ಯಾಡ್ರಿ. ಲಗೂ ಕಲ್ಲು ತುಂಬ್ರಿ" ಅಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಮಾವ ಮೆತ್ತಗೆ ಮಾತಾಡಿದ್ದನ್ನು ಕೇಳಿ ನನಗೆ ಗಂಟೆಗಿಂತ ಹೆಚ್ಚು ಭಯವಾಯಿತು.

ಮೂವರೂ ಕಲ್ಲು ಹೊತ್ತೆವು. ದೋಣಿಯ ಅಂಚು ನೀರಿಗೆ ಸಮವಾಗುತ್ತಿದ್ದಂತೆ ಮಾವ ಒಂದು ಬದಿಯನ್ನು ಕಾಲಿನಿಂದ ಒತ್ತಿ ಹಿಡಿದರು. ನೀರು ಒಳಗೆ ಬಂತು. ಒಳ್ಳೆಯ ದೋಣಿಯೊಂದು ತನ್ನ ಪಾಡಿಗೆ ತಾನು ಕೆಳಗೆ ಹೋಗುವುದನ್ನು ನೋಡುವುದು ನನಗೆ ಯಾವತ್ತೂ ಸರಿಬಂದಿಲ್ಲ. ಗುಳ್ಳೆಗಳು ನಿಂತ ಮೇಲೂ ತಳದಲ್ಲಿ ಅದರ ಆಕಾರ ಕಾಣುತ್ತಿತ್ತು. ಅಷ್ಟೂ ಹೊತ್ತು ಗಂಟೆ ಬಿಟ್ಟುಬಿಟ್ಟು ಬಾರಿಸುತ್ತಲೇ ಇತ್ತು. ನಾವು ಮೂವರು ಬುದ್ಧಿ ಇದ್ದವರು, ಒಬ್ಬರೂ ತಲೆ ಎತ್ತಿ ಆ ಕಡೆ ನೋಡಲಿಲ್ಲ. ಇವತ್ತು ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಗಾಳಿ ಬಂದದ್ದು ನಮ್ಮ ಬೆನ್ನ ಹಿಂದಿನಿಂದ. ಮೊದಲು ಕೆಂಪು ಧೂಳು, ಆಮೇಲೆ ದಪ್ಪ ಹನಿ. ನಮ್ಮವರು ಕೊನೆಯ ಹಗ್ಗವನ್ನು ಗೂಟಕ್ಕೆ ಸುತ್ತುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ನೀರಿನ ಕಡೆ ತಿರುಗಿದೆ. ಮಿಂಚಿತು. ನಡುಗಡ್ಡೆಯ ಅಂಚಿನಲ್ಲಿ ಒಬ್ಬರು ನಿಂತಿದ್ದರು.

ಕಾಲು ಕಾಣಲಿಲ್ಲ. ಸೊಂಟದ ಮೇಲಿನ ಆಕಾರ ಮಾತ್ರ, ಕಪ್ಪಗೆ, ಅಲ್ಲಾಡದೆ, ನನ್ನ ಕಡೆ ಮುಖ ಮಾಡಿ. ಸೆರಗು ಹಾರಿ ಮುಖಕ್ಕೆ ಬಡಿಯಿತು, ಕೈ ಎತ್ತಿ ಹಿಡಿದುಕೊಂಡೆ. ಎರಡನೆಯ ಮಿಂಚಿಗೆ ಆ ಆಕಾರ ಇನ್ನೂ ಅಲ್ಲೇ ಇತ್ತು. ಇಳಕಲ್ ಸೀರೆಯ ಕೆಂಪು ಸೆರಗು ಕಂಡಿತು.

ಚಪ್ಪಲಿ ಇಲ್ಲದವಳು. ಗೂಡಿನಲ್ಲಿ ಅವಳದೇನೂ ಇರಲೇ ಇಲ್ಲ. ನಮ್ಮ ಲೆಕ್ಕಕ್ಕೆ ಅವಳು ನೀರಿಗೆ ಹೋಗಿಯೇ ಇರಲಿಲ್ಲ, ಹಾಗಾಗಿ ತಿರುಗಿ ಬರುವ ಪ್ರಶ್ನೆಯೂ ಇರಲಿಲ್ಲ. ಇದೆಲ್ಲ ನನಗೆ ಒಂದೇ ಉಸಿರಿನಲ್ಲಿ ತಿಳಿಯಿತು. ಅವಳ ಹರಕೆ, ಅವಳ ಬಾಟಲಿ, ಆ ಗಂಟೆ, ಎಲ್ಲವೂ.

"ಏನ್ ನೋಡಾಕತ್ತಿ? ಒಳಗ ನಡಿ!" ಎಂದು ನಮ್ಮವರು ಕೂಗಿದರು.

ಹೇಳಿದ್ದರೆ ಅವರು ಹೋಗುತ್ತಿದ್ದರು. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನ್ನ ಗಂಡ ಮುಳುಗಿಸಿದ ದೋಣಿಯನ್ನು ಎಬ್ಬಿಸುತ್ತಿದ್ದರು, ಆಗದಿದ್ದರೆ ಟೈರನ್ನಾದರೂ ಹಿಡಿದು ಈಜುತ್ತಿದ್ದರು. ನೀರು ಆಗಲೇ ಆಳೆತ್ತರ ಎದ್ದು ಹಂಸಗಳನ್ನು ಒಂದಕ್ಕೊಂದು ಬಡಿಯುತ್ತಿತ್ತು. ಮಾವನ ಅಣ್ಣ ನೆನಪಾದರು. ಮೂರನೆಯ ದಿನ ಸಿಕ್ಕ ದೋಣಿ ನೆನಪಾಯಿತು.

"ಏನಿಲ್ಲ" ಅಂದೆ.

ಟಿಕೆಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ತಗಡಿನ ಮೇಲೆ ಆಲಿಕಲ್ಲು ಬಿದ್ದಾಗ ಮಾತು ಆಡಿದರೂ ಕೇಳುವಂತಿರಲಿಲ್ಲ. ಅದು ನನಗೆ ಅನುಕೂಲವಾಯಿತು. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಮ್ಮವರು ತಮ್ಮ ಅಂಗೈಗೆ ಹಗ್ಗ ಉಜ್ಜಿದ ಗಾಯವನ್ನು ನೋಡಿಕೊಳ್ಳುತ್ತಿದ್ದರು. ನಾನು ಆ ಅಂಗೈಯನ್ನು ನೋಡುತ್ತ ಕೂತೆ. ಒಂದು ಕಡೆ ಈ ಕೈ, ಇನ್ನೊಂದು ಕಡೆ ಹೆಸರೂ ಗೊತ್ತಿಲ್ಲದ ಒಬ್ಬಳು ಮುದುಕಿ. ನಾನು ಕೈಯನ್ನು ಆರಿಸಿಕೊಂಡೆ. ನನ್ನನ್ನು ಒಳ್ಳೆಯವಳೆಂದು ತಿಳಿದವರು ಇದನ್ನು ಓದಿ ಏನಾದರೂ ಅಂದುಕೊಳ್ಳಲಿ, ಆ ಹೊತ್ತಿಗೆ ನನಗೆ ಹೆಚ್ಚು ಕಷ್ಟವೂ ಆಗಲಿಲ್ಲ. ಕಷ್ಟವಾದದ್ದು ಆಮೇಲೆ, ಮಳೆಯ ನಡುವೆ ದೊಡ್ಡದೊಂದು ಲಟಲಟ ಸದ್ದು ಕೇಳಿದಾಗ. ಮರ ಮುರಿಯುವ ಸದ್ದು. ಆಚೆ ನೀರಿನ ನಡುವಿನಿಂದ ಬಂತು.

ಗಾಳಿ ಇಳಿದು ಬರೀ ಮಳೆ ಉಳಿದಾಗ ನಮ್ಮವರು ಎದ್ದು, "ನಡೀರಿ, ಒಂದೂ ಹಂಸ ಹೋಗಿಲ್ಲ, ಗೆದ್ದೇವಿ" ಎಂದು ನಕ್ಕರು.

"ರೀ" ಅಂದೆ. "ಒಬ್ಬಾಕಿ ಮುದುಕಿ ಇದ್ಲು. ಬರಿಗಾಲಾಕಿ. ನಡುಗಡ್ಡೆಯಿಂದ ಹೊಳ್ಳಿ ಬಂದಾಳೋ ಇಲ್ಲೋ... ಈಗ ನೆನಪಾತು ನನಗ."

ಈಗ ನೆನಪಾಯಿತು. ಅಷ್ಟು ಸಲೀಸಾಗಿ ಬಂತು ಸುಳ್ಳು.

ನಮ್ಮವರ ಮುಖದ ನಗು ಹೋಯಿತು. ಮಾವ ಕಣ್ಣು ತೆರೆದು ನನ್ನನ್ನೊಮ್ಮೆ, ಕಿಟಕಿಯಾಚೆಯ ಖಾಲಿ ಗೂಡನ್ನೊಮ್ಮೆ ನೋಡಿದರು. ಓಗೊಡಬಾರದು ಎನ್ನುತ್ತಾರೆಂದು ಕಾದೆ. ಅವರು ಮೂಲೆಯಲ್ಲಿದ್ದ ಬಕೀಟು ತೆಗೆದುಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಹೋದರು. ಸೊಂಟಮಟ್ಟ ನೀರಿನಲ್ಲಿ ನಿಂತು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಾಕಿದೆವು. ಹಾಕುವಾಗ ಅಷ್ಟು ಬೇಗ ಮುಗಿದ ಕಲ್ಲು ತೆಗೆಯುವಾಗ ಮುಗಿಯಲೊಲ್ಲದು. ದೋಣಿ ಅಲ್ಲಾಡಿ, ಅಂಚು ಮೇಲೆ ಬಂದು, ಬಕೀಟಿಗೆ ಬಕೀಟು ನೀರು ಹೊರಚೆಲ್ಲಿ ತೇಲುವಷ್ಟರಲ್ಲಿ ನನ್ನ ಉಗುರುಗಳಲ್ಲಿ ರಕ್ತ ಬಂದಿತ್ತು. ನಾನೂ ಬರುತ್ತೇನೆ ಎಂದು ಹತ್ತಿದೆ. ಯಾರೂ ಬೇಡ ಅನ್ನಲಿಲ್ಲ. ಮಾವ ದಂಡೆಯಲ್ಲಿ ಹಗ್ಗ ಹಿಡಿದು ನಿಂತರು.

ಅರ್ಧ ದಾರಿಗೆ ಬಂದಾಗ ಕಂಡಿತು. ಹುಣಸೆ ಮರ ಬುಡಸಮೇತ ಮಗುಚಿ ಗುಡಿಯ ಮೇಲೆ ಬಿದ್ದಿತ್ತು. ಕಮಾನು ನೆಲಕ್ಕೆ ಬಾಗಿತ್ತು. ಗಂಟೆ ಎಲ್ಲಿತ್ತೋ, ಸದ್ದಿರಲಿಲ್ಲ. ಕೂಗೋಣವೆಂದರೆ ಹೆಸರು ಗೊತ್ತಿಲ್ಲ. "ಅವ್ವಾ! ಏ ಅವ್ವಾ!" ಎಂದು ನಮ್ಮವರು ಕೂಗಿದರು. ನೀರಿನ ಮೇಲೆ ಅವರ ದನಿಯೇ ತಿರುಗಿ ಬಂತು. ನಾನು ಆ ಎಲೆಗಳ ಕೆಳಗೆ ಹಸಿರು ಸೀರೆ ಕಾಣದಿರಲಿ ಎಂದು ಮಾತ್ರ ಬೇಡುತ್ತಿದ್ದೆ. ಹುಣಸೆಯ ಎಲೆಯೂ ಹಸಿರೇ, ಎಲ್ಲಿ ನೋಡಿದರೂ ಸೀರೆಯೇ ಕಂಡಿತು.

"ಇಲ್ಲೇ ಅದೇನಪಾ" ಎಂದು ಒಂದು ದನಿ ಬಂತು.

ಮರದ ಹತ್ತಿರ ಅಲ್ಲ. ನಾನು ಅವಳನ್ನು ಕಂಡ ಅದೇ ಅಂಚಿನಲ್ಲಿ, ಎರಡು ಬಂಡೆಗಳ ಸಂದಿಯಲ್ಲಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಹಣೆಗೆ ಆಲಿಕಲ್ಲು ಬಡಿದು ರಕ್ತ ಮಳೆಯಲ್ಲಿ ತೊಳೆದುಹೋಗುತ್ತಿತ್ತು. ತುಟಿ ನೀಲಿಯಾಗಿತ್ತು. ತುಂಬಿದ ಬಾಟಲಿ ಸೆರಗಿನೊಳಗಿತ್ತು. ನಮ್ಮವರು ಅವಳನ್ನು ಕೂಸನ್ನು ಎತ್ತಿದ ಹಾಗೆ ಎತ್ತಿ ತಂದು ನನ್ನ ಪಕ್ಕ ಕೂರಿಸಿದರು. ನಾನು ನನ್ನ ಒದ್ದೆ ಸೆರಗನ್ನೇ ಅವಳಿಗೆ ಹೊದಿಸಿದೆ. ಅದರಿಂದ ಏನೂ ಬೆಚ್ಚಗಾಗುವುದಿಲ್ಲವೆಂದು ಗೊತ್ತಿತ್ತು.

"ತಪ್ಪಾತು ಅವ್ವಾ" ಅಂದರು ನಮ್ಮವರು, ಹುಟ್ಟು ಹಾಕುತ್ತ. "ನೀ ಇಲ್ಲೇ ಉಳದಿ ಅಂತ ಯಾರೂ ನೋಡಲಿಲ್ಲ."

"ಯಾಕ, ಈಕಿ ನೋಡಿದ್ಲಲ್ಲ" ಅಂದಳು ಮುದುಕಿ.

ನಾನು ನೀರನ್ನು ನೋಡುತ್ತ ಕೂತೆ.

"ಗದ್ದಲ ಕಳದ ಮ್ಯಾಲ ಗಂಟಿ ನೀರು ಹಿಡಿಯೂಣು ಅಂತ ಗುಡಿ ಹಿಂದ ಕುಂತಿದ್ದೆ, ದೋಣಿ ಹೋಗಿದ್ದು ಗೊತ್ತಾಗಲಿಲ್ಲ. ಗಾಳಿ ಬಿಟ್ಟಾಗ ನಾ ಆ ಹುಣಸೀ ಗಿಡದ ಬುಡಕ ಓಡಾಕಿ ಇದ್ದೆ. ಅಷ್ಟರಾಗ ಮಿಂಚಿತು. ನೋಡ್ತೇನಿ, ಈಕಿ ಮೆಟ್ಟಿಲ ಮ್ಯಾಲ ನಿಂತು ನನ್ನ ಕಡೇನ ನೋಡಾಕತ್ತಾಳ. ಕೈ ಎತ್ತಿದ್ಲು. ಅಲ್ಲೇ ಕುಂದ್ರು, ಬರ್ತೇವಿ ಅಂತ ಸನ್ನಿ ಮಾಡಿದ್ಲು. ನೋಡಿದಾಕಿ ಬಿಟ್ಟು ಹೋಗ್ತಾಳನು ಅಂತ ಧೈರ್ಯ ಆತಪಾ ನನಗ. ಇದ್ದಲ್ಲೇ ಕುಂತೆ."

ಹುಟ್ಟು ನೀರಿನಲ್ಲಿ ನಿಂತಿತು. ಒಂದು ಸಲ ಹಾಕಿ ಇನ್ನೊಂದು ಸಲ ಹಾಕುವ ನಡುವಿನ ಹೊತ್ತು ಎಷ್ಟಿರುತ್ತದೆಂದು ದೋಣಿಯಲ್ಲಿ ಕೂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಬಹಳ ಹೆಚ್ಚು ಹೊತ್ತು ನಿಂತಿತ್ತು. ನಮ್ಮವರು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಮತ್ತೆ ಹುಟ್ಟು ಹಾಕತೊಡಗಿದರು.

ಅವಳು ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡಳು. ದಂಡೆ ಮುಟ್ಟುವವರೆಗೂ ಬಿಡಲಿಲ್ಲ.